ಅಚ್ಚಾಗದ ನಾಲ್ಕು ಸಾಲು

ಮೊದಲ ಸಲ ಆ ಕವರು ಬಂದಾಗ ನಮ್ಮ ಆಫೀಸಿನಲ್ಲಿ ಎಲ್ಲರೂ ನಕ್ಕರು. ಒಳಗಿದ್ದದ್ದು ನಮ್ಮದೇ ಪತ್ರಿಕೆ, ಹಿಂದಿನ ವಾರದ್ದು. ಎರಡನೇ ಪುಟದಲ್ಲಿ ನಾನು ಬರೆದಿದ್ದ ಲೇಖನದ ತುಂಬ ಕೆಂಪು ಪೆನ್ಸಿಲಿನ ಗೀಟುಗಳು. ಅಂಚಿನಲ್ಲಿ ದುಂಡನೆಯ ಸಣ್ಣ ಅಕ್ಷರ: ‘ಕಾಗೆ ಕೂತಿತು, ಕೊಂಬೆ ಮುರಿಯಿತು. ಆಮೇಲೆ?’

ತೊಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನಿಂದ ಹೊರಡುತ್ತಿದ್ದ ಆ ಸಂಜೆ ಪತ್ರಿಕೆಗೆ ನಾಲ್ಕೇ ಪುಟ. ಎಸ್ಸೆಸ್ಸೆಲ್ಸಿ ಮುಗಿಸಿದ್ದ ನಾನು ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಬೆಳಿಗ್ಗೆ ಎಂಟಕ್ಕೆ ನಿಂತರೆ ಮಧ್ಯಾಹ್ನ ಎರಡಕ್ಕೆ ಪುಟ ಮುಗಿಯಬೇಕು. ಮೂರೂವರೆಯ ಬಸ್ಸುಗಳಲ್ಲಿ ಗುಬ್ಬಿಗೆ, ಕುಣಿಗಲ್ಲಿಗೆ, ಹೆಬ್ಬೂರಿಗೆ ಕಟ್ಟುಗಳು ಹೋಗಬೇಕು. ಎರಡನೇ ಪುಟದಲ್ಲಿ ಜಾಗ ಉಳಿದರೆ ಮಾಲೀಕರು, ಅವರೇ ಸಂಪಾದಕರು ಕೂಡ, ‘ಏನಾದ್ರೂ ಬರ್ದು ತುಂಬ್ಸಯ್ಯ’ ಅನ್ನುತ್ತಿದ್ದರು. ಹಾಗೆ ತುಂಬಿಸುತ್ತ ತುಂಬಿಸುತ್ತ ನಾನು ಅಭಿಪ್ರಾಯ ಬರೆಯುವವನಾದೆ. ಕಾಗದದಲ್ಲಿ ಬರೆಯುತ್ತಲೂ ಇರಲಿಲ್ಲ. ಕೈ ಮೊಳೆ ಆರಿಸುತ್ತಿದ್ದಂತೆ ವಾಕ್ಯ ಅಲ್ಲೇ ಹುಟ್ಟುತ್ತಿತ್ತು. ಎಷ್ಟು ಜಾಗವೋ ಅಷ್ಟು ಅಭಿಪ್ರಾಯ. ಕೆಳಗೆ ನನ್ನ ಹೆಸರು ಇರುತ್ತಿರಲಿಲ್ಲ.

ಕೆಂಪು ಗೀಟು ಬಿದ್ದ ಆ ಲೇಖನದಲ್ಲಿ, ಊರಿಗೆ ವಿಡಿಯೋ ಪಾರ್ಲರ್ ಬಂದ ವರ್ಷವೇ ಹೈಸ್ಕೂಲಿನ ಫಲಿತಾಂಶ ಕುಸಿದಿದೆ, ಆದ್ದರಿಂದ ಪಾರ್ಲರನ್ನು ಮುಚ್ಚಿಸಬೇಕು ಎಂದು ಬರೆದಿದ್ದೆ. ಅದಾದ ಮೇಲೆ ಪ್ರತಿ ಸೋಮವಾರ ಕವರು ಬರತೊಡಗಿತು. ಐದನೆಯದು ಬಂದಾಗ ನನಗೆ ತಡೆಯಲಾಗಲಿಲ್ಲ. ಕವರಿನ ಹಿಂದೆ ಬರೆದಿದ್ದ ವಿಳಾಸ ಹಿಡಿದು ಭಾನುವಾರ ತುಮಕೂರಿನಲ್ಲೇ ಇದ್ದ ಸದಾಶಿವನಗರಕ್ಕೆ ಹೋದೆ. ಜಗಲಿಯ ಮೇಲೆ ಬನಿಯನ್ನು ತೊಟ್ಟ ಮುದುಕರೊಬ್ಬರು ಕೂತಿದ್ದರು. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿದ್ದು ರಿಟೈರಾದವರು ಎಂದು ಪಕ್ಕದ ಮನೆಯವರು ಹೇಳಿದ್ದರು.

‘ಆ ಗೀಟು ಹಾಕಿ ಕಳ್ಸೋರು ನೀವೇನಾ?’ ಎಂದೆ.

‘ಓಹೋ, ವಿಡಿಯೋ ಪಾರ್ಲರ್ ಮುಚ್ಸೋಕೆ ಹೊರಟೋನು ನೀನೇನಾ? ಬಾರಯ್ಯ. ಚಪ್ಪಲಿ ಅಲ್ಲಿ ಬಿಡು. ಸಿಟ್ಟು ಇಟ್ಕೊಂಡೇ ಬಾ, ಪರ್ವಾಗಿಲ್ಲ.’

ಜಗಳ ಆಡಲು ಹೋದವನು ಆಮೇಲೆ ಸುಮಾರು ಹತ್ತು ವರ್ಷ ಭಾನುವಾರದ ಬೆಳಿಗ್ಗೆಗಳನ್ನು ಆ ಜಗಲಿಯ ಮೇಲೆ ಕಳೆದೆ. ಅವರು ಬೆಂಗಳೂರಿನ ದೊಡ್ಡ ಪತ್ರಿಕೆಗಳನ್ನು ಹರಡಿ ಸಂಪಾದಕೀಯಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಎಲ್ಲಿ ತರ್ಕ ತಪ್ಪಿತು ಅನ್ನುವಲ್ಲಿ ನಾನು ನಿಲ್ಲಿಸಬೇಕು. ನಿಲ್ಲಿಸದೆ ಮುಂದೆ ಹೋದರೆ ಪೆನ್ಸಿಲಿನಿಂದ ಮೊಣಕೈಗೆ ಕುಟ್ಟುತ್ತಿದ್ದರು. ಅವರು ತರ್ಕಶಾಸ್ತ್ರದ ಪದಗಳನ್ನು ಬಳಸುತ್ತಿರಲಿಲ್ಲ. ಒಂದಾದ ಮೇಲೆ ಇನ್ನೊಂದಾಯಿತು, ಆದ್ದರಿಂದ ಇದರಿಂದಲೇ ಅದು ಎಂದು ಬರೆದರೆ ಕಾಗೆ ಮತ್ತು ಕೊಂಬೆ. ಎದುರಾಳಿ ಹೇಳಿದ್ದಕ್ಕೆ ಉತ್ತರ ಕೊಡದೆ ಅವನ ಕುಲ, ನಡತೆ ಎತ್ತಿದರೆ, ‘ಮಾತು ಬಿಟ್ಟು ಮೂತಿ ನೋಡ್ತಾವ್ನೆ’ ಅನ್ನುತ್ತಿದ್ದರು. ಒಬ್ಬ ಗುಮಾಸ್ತ ಲಂಚ ತಿಂದದ್ದನ್ನು ಹೇಳಿ ಇಡೀ ಇಲಾಖೆಯನ್ನು ಬೈದ ಲೇಖನವೊಂದನ್ನು ನಾನು ಮೆಚ್ಚಿಕೊಂಡೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕಲ್ಲವೇ ಮೇಷ್ಟ್ರೇ ಎಂದೆ.

‘ಅನ್ನಕ್ಕೆ ಸಾಕು. ಯಾಕೆ ಸಾಕು ಹೇಳು? ಎಲ್ಲಾ ಅಗುಳೂ ಒಂದೇ ಪಾತ್ರೇಲಿ, ಒಂದೇ ಬೆಂಕೀಲಿ ಬೆಂದಿರುತ್ತೆ. ಮನುಷ್ಯರು ಹಂಗೆ ಬೆಂದಿದಾರೇನಯ್ಯ?’

ಕಾಗೆಯ ವಿಷಯದಲ್ಲಿ ಅವರದು ಒಂದೇ ಪ್ರಶ್ನೆ. ‘ಬೇರೆ ಕೊಂಬೆಗಳ ಮೇಲೂ ಕಾಗೆ ಕೂತಿತ್ತಲ್ಲ, ಅವು ಏನಾದವು? ಕಾಗೆ ಕೂರದೆ ಮುರಿದ ಕೊಂಬೆ ಎಷ್ಟು? ಇವೆರಡನ್ನೂ ನೋಡಿದ ಮೇಲೆ ಪೆನ್ನು ಹಿಡಿ.’

ನಾನು ಚೆನ್ನಾಗಿಯೇ ಕಲಿತೆ. ಯಾವ ಪತ್ರಿಕೆಯ ಯಾವ ಲೇಖನ ಕೊಟ್ಟರೂ ಎಲ್ಲಿ ಸಡಿಲವಿದೆ ಎಂದು ತೋರಿಸಬಲ್ಲವನಾದೆ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಬೇರೆಯವರ ವಾದ ಬಿಚ್ಚಿ ನಗಿಸುತ್ತಿದ್ದೆ. ಜನ ನನ್ನನ್ನು ಬುದ್ಧಿವಂತ ಅನ್ನತೊಡಗಿದರು. ಆದರೆ ಬೀಗ ರಿಪೇರಿ ಕಲಿತವನಿಗೆ ಯಾವ ಬೀಗ ಸುಲಭವಾಗಿ ತೆಗೆಯುತ್ತದೆ ಎಂಬುದೂ ಗೊತ್ತಾಗಿರುತ್ತದೆ. ಓದುಗ ಎಲ್ಲಿ ನಿಂತು ಯೋಚಿಸುವುದಿಲ್ಲ, ಎಲ್ಲಿ ತಲೆಯಾಡಿಸಿ ಮುಂದೆ ಹೋಗುತ್ತಾನೆ ಎಂಬುದು ನನಗೆ ಆ ಜಗಲಿಯಲ್ಲೇ ತಿಳಿದದ್ದು.

ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು. ಅಷ್ಟರಲ್ಲಿ ನಮ್ಮ ಪತ್ರಿಕೆಗೆ ಕಂಪ್ಯೂಟರ್ ಬಂದು ಮೊಳೆಗಳನ್ನು ತೂಕಕ್ಕೆ ಹಾಕಿಯಾಗಿತ್ತು. ನಾನು ಬರೆಯುವುದರ ಜೊತೆಗೆ ಪುಟವನ್ನೂ ಕಟ್ಟುತ್ತಿದ್ದೆ. ನನ್ನ ಅಕ್ಕನನ್ನು ಕೊಟ್ಟಿದ್ದದ್ದು ಗುಬ್ಬಿಯಿಂದ ಒಳಗಿರುವ ಒಂದು ಊರಿಗೆ. ತೋಟ, ಹೊಲ ಇದ್ದ ಮನೆ. ಅಲ್ಲಿಯ ಶಾಲೆಯಲ್ಲಿ ಅಡುಗೆ ಮಾಡಲು ಕಾಲೋನಿಯ ಒಬ್ಬ ವಿಧವೆಯನ್ನು ನೇಮಿಸಿದ್ದರು. ಊರಿನ ಕೆಲವರಿಗೆ ಮೊದಲ ದಿನದಿಂದಲೂ ಅದು ಇಷ್ಟವಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಕೇಸಾದೀತೆಂದು ಹೆದರಿ, ಮಕ್ಕಳ ಕೈಗೆ ಮನೆಯಿಂದಲೇ ಡಬ್ಬಿ ಕೊಟ್ಟು ಕಳಿಸುತ್ತಿದ್ದರು. ಉಳಿದ ಮಕ್ಕಳು ಅವಳು ಬಡಿಸಿದ್ದನ್ನು ತಿನ್ನುತ್ತಿದ್ದವು.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಅಕ್ಕನ ಮಗಳ ಮದುವೆಯಾಗಿ, ಭಾನುವಾರ ಅಕ್ಕನ ಮನೆಯಲ್ಲಿ ಬೀಗರೂಟ. ನಾನೂ ಹೋಗಿ ಉಂಡು ಬಂದೆ. ಮಂಗಳವಾರ ಬೆಳಿಗ್ಗೆ ಆಫೀಸಿಗೆ ಫೋನು ಬಂತು. ಆ ಊರಿನ ಶಾಲೆಯ ಹದಿನೇಳು ಮಕ್ಕಳಿಗೆ ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ವಾಂತಿ, ಗುಬ್ಬಿಯ ಆಸ್ಪತ್ರೆಗೆ ಸೇರಿಸಿದ್ದಾರೆ. ಮಾಲೀಕರು ನನ್ನನ್ನೇ ಓಡಿಸಿದರು.

ನಾನು ಹೋಗುವಷ್ಟರಲ್ಲಿ ಮಕ್ಕಳು ಎದ್ದು ಕೂತು ಬ್ರೆಡ್ಡು ತಿನ್ನುತ್ತಿದ್ದವು. ಡಾಕ್ಟರು ಒಂದೊಂದು ಮಂಚದ ಬಳಿ ನಿಂತು ನಿನ್ನೆ ಬೆಳಿಗ್ಗೆ ಏನು ತಿಂದೆ ಎಂದು ಕೇಳುತ್ತಿದ್ದರು. ಒಂದು ಹುಡುಗಿ ‘ಮಟನ್ ಸಾರು’ ಎಂದಳು. ಅವಳ ತಾಯಿ ತಟ್ಟನೆ, ‘ಏ, ಅದು ಮೊನ್ನೆ ಕಣೇ. ನೆನ್ನೆ ಬರೀ ಉಪ್ಪಿಟ್ಟು ಡಾಕ್ಟ್ರೇ’ ಎಂದಳು. ಬಾಗಿಲ ಬಳಿ ಅಕ್ಕ ನಿಂತಿದ್ದಳು. ನನ್ನ ತೋಳು ಹಿಡಿದು ಹೊರಗಿನ ಹೊಂಗೆಮರದ ಕೆಳಗೆ ಎಳೆದುಕೊಂಡು ಹೋದಳು.

‘ಏನ್ಲಾ, ಬುಕ್ಕು ಹಿಡ್ಕಂಡ್ ಬಂದ್ಬುಟ್ಯಾ?’

‘ಏನಕ್ಕ ಇದು?’

‘ಭಾನ್ವಾರದ ಸಾರು ಅರ್ಧ ಕೊಳಗ ಮಿಕ್ಕಿತ್ತು ಕಣ್ಲಾ. ಚೆಲ್ಲಕ್ಕೆ ಮನ್ಸು ಬರ್ಲಿಲ್ಲ. ಬೆಳಗ್ಗೆ ಬೀದಿ ಮನೆಗಳ್ಗೆಲ್ಲ ಒಂದೊಂದ್ ಚೆಂಬು ಕೊಟ್ಟೆ. ಆಣೆಗೂ ವಾಸ್ನೆ ಬಂದಿರ್ಲಿಲ್ಲ.’

‘ಹಂಗಾದ್ರೆ…’

‘ಹಂಗೂ ಇಲ್ಲ ಹಿಂಗೂ ಇಲ್ಲ. ಮಗೀನ ಕಳ್ಸಿ ಎಲ್ಡ್ ದಿನ ಆಗಿಲ್ಲ. ಬೀಗ್ರೂಟದ ಸಾರು ಉಂಡು ಊರ್ ಮಕ್ಳೆಲ್ಲ ಆಸ್ಪತ್ರೆ ಸೇರವ್ರೆ ಅಂದ್ರೆ ಆ ಬೀಗಿತ್ತಿ ಬುಟ್ಟಾಳಾ? ಅವ್ಳು ಸಾಯೋಗಂಟ ನನ್ ಮಗ್ಳುನ್ನ ಆಡ್ಕತಾಳೆ. ಎಲ್ರೂ ಇಸ್ಕೂಲ್ ಊಟ ಅಂತಾವ್ರೆ. ನೀನೂ ಅದ್ನೇ ಬರಿ.’

‘ಸುಳ್ಳು ಬರೀಲಾ?’

‘ಸುಳ್ಳು ಯಾಕ್ಲಾ? ಊಟ ಆದ್ಮೇಲೇ ತಾನೇ ವಾಂತಿ ಆಗಿದ್ದು? ಅಷ್ಟೇ ಬರಿ.’

ನಾನು ಹತ್ತು ವರ್ಷ ಕೂತು ಕಲಿತಿದ್ದ ಕಾಗೆ ಕೊಂಬೆಯ ಪಾಠವನ್ನು, ಓದು ಬರಹ ಬಾರದ ನನ್ನ ಅಕ್ಕ ತಿರುಗಿಸಿ ನನ್ನ ಕೈಗೇ ಕೊಟ್ಟಳು.

ಚಿಕ್ಕಂದಿನಲ್ಲಿ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ಇದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ. ಆ ಹೊತ್ತಿಗೆ ಅದೇ ನೆನಪಾಯಿತು, ಅದಕ್ಕೆ ಹೇಳಿದೆ.

ತುಮಕೂರಿಗೆ ಬರುವ ಮೊದಲು ಶಾಲೆಯ ಕಡೆ ಹೋಗಿ ವಿಚಾರಿಸಿದೆ. ಅದನ್ನೂ ಒಪ್ಪಿಕೊಳ್ಳಬೇಕು. ಕಾಲೋನಿಯ ಹದಿನಾಲ್ಕು ಮಕ್ಕಳು ಅದೇ ಅನ್ನ, ಅದೇ ಸಾರು ತಿಂದಿದ್ದವು. ಒಂದಕ್ಕೂ ಏನೂ ಆಗಿರಲಿಲ್ಲ. ಆ ಕೇರಿಯವರನ್ನು ಬೀಗರೂಟಕ್ಕೆ ಕರೆದಿರಲಿಲ್ಲ, ಬೆಳಿಗ್ಗೆ ಅಕ್ಕ ಹಂಚಿದ ಚೆಂಬು ಅತ್ತ ಹೋಗಿರಲಿಲ್ಲ. ಇನ್ನೊಂದು ಸಂಗತಿ. ವಾಂತಿ ಮಾಡಿದ ಹದಿನೇಳರಲ್ಲಿ ಮೂವರು ಡಬ್ಬಿ ತರುತ್ತಿದ್ದ ಮಕ್ಕಳು, ಅವಳ ಕೈಯ ಊಟ ಮುಟ್ಟಿದವರೇ ಅಲ್ಲ. ಮೇಷ್ಟರು ನೋಡು ಎಂದಿದ್ದ ಎರಡೂ ಬಗೆಯ ಕೊಂಬೆಗಳನ್ನು ನಾನು ನೋಡಿದೆ. ನೋಡಿಯೇ ಬರೆದೆ.

ಬುಧವಾರ ಲೇಖನ ಬಂತು. ನನ್ನ ಜೀವನದಲ್ಲಿ ಅಷ್ಟು ಒಪ್ಪವಾಗಿ ಇನ್ನೊಂದನ್ನು ಬರೆದಿಲ್ಲ. ‘ಊಟ ಮಾಡಿದ ಒಂದು ಗಂಟೆಯೊಳಗೆ’ ಎಂದು ಶುರು ಮಾಡಿದೆ. ಎಲ್ಲಿಯೂ ‘ಊಟದಿಂದ’ ಎಂದು ಬರೆಯಲಿಲ್ಲ, ಅದನ್ನು ಓದುವವರೇ ಸೇರಿಸಿಕೊಳ್ಳುತ್ತಾರೆಂದು ಗೊತ್ತಿತ್ತು. ಈ ಒಂದು ಶಾಲೆ ನೋಡಿದರೆ ಸಾಕು, ಅಡುಗೆಯವರ ನೇಮಕ ಎಲ್ಲೆಡೆ ಹೇಗಾಗಿದೆ ಎಂದು ತಿಳಿಯುತ್ತದೆ ಎಂದೆ. ಆಕೆಯ ಅಡುಗೆಯ ಬಗ್ಗೆ ಹೇಳಲು ಏನೂ ಸಿಗದೆ, ಆಕೆ ಹಿಂದೆ ಪಂಚಾಯ್ತಿಯವರ ಮೇಲೆ ಅರ್ಜಿ ಹಾಕಿದ್ದ ಜಗಳಗಂಟಿ ಎಂದು ಸೇರಿಸಿದೆ. ಆಕೆಯನ್ನು ತೆಗೆಯಬೇಕು, ಇಲ್ಲವೇ ಮಕ್ಕಳ ಪ್ರಾಣದ ಆಸೆ ಬಿಡಬೇಕು ಎಂದು ಮುಗಿಸಿದೆ, ಮೂರನೆಯ ದಾರಿಯೇ ಇಲ್ಲವೇನೋ ಎಂಬಂತೆ. ಜಾತಿಯ ಬಗ್ಗೆ ಒಂದಕ್ಷರ ಬರೆಯಲಿಲ್ಲ. ‘ಶುಚಿ’ ಎಂಬ ಪದವನ್ನು ಐದು ಸಲ ಬಳಸಿದೆ, ಅಷ್ಟು ಸಾಕಾಗಿತ್ತು. ಆಕೆಯ ಪೂರ್ತಿ ಹೆಸರು ಹಾಕಿದೆ. ನನ್ನ ಹೆಸರು ಎಂದಿನಂತೆ ಇರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಆಕೆ ಆಫೀಸಿಗೆ ಬಂದಳು. ಜೊತೆಗೆ ಏಳನೇ ಕ್ಲಾಸಿನ ಮಗಳು, ಯೂನಿಫಾರಂನಲ್ಲೇ. ಒಳಗೆ ಬನ್ನಿ ಎಂದರೂ ಬರದೆ ಮೆಟ್ಟಿಲ ಮೇಲೆಯೇ ನಿಂತಳು.

‘ಇದನ್ನ ಬರ್ದೋರು ಯಾರು ಸ್ವಾಮಿ?’

‘ಪತ್ರಿಕೆಯವರು’ ಎಂದೆ.

‘ಅವರು ನಮ್ಮೂರಿಗೆ ಬಂದಿದ್ರಾ?’

ನಾನು ಜೇಬಿನಲ್ಲಿ ಪೆನ್ನು ಹುಡುಕತೊಡಗಿದೆ.

‘ಆಗ್ಲಿ ಬುಡಿ. ನಂದೂ ನಾಕು ಸಾಲು ಹಾಕ್ಕೊಡಿ. ನಾನ್ ಹೇಳಿದಂಗೇ ಹಾಕ್ಬೇಕು. ಹೇಳ್ಲಾ?’

ಹೇಳಿದಳು. ಪತ್ರಿಕೆಯ ಕನ್ನಡಕ್ಕೆ ತಿರುಗಿಸಿದ್ದು ಬಿಟ್ಟರೆ ಹೇಳಿದಂತೆಯೇ ಬರೆದುಕೊಂಡೆ. ಮಗಳು ನನ್ನ ಪಕ್ಕ ಬಂದು, ಬರೆದದ್ದನ್ನು ಮೇಲಿಂದ ಓದಿ ನೋಡಿ, ‘ಸರಿಯಾಗೈತೆ ಕಣವ್ವ’ ಎಂದಳು. ಆಮೇಲೆ ಆಕೆ ಕೈಮುಗಿದಳು. ‘ನಾಳೆ ಬತ್ತದಾ?’ ಎಂದಳು. ‘ಬರುತ್ತೆ’ ಎಂದೆ.

ಶುಕ್ರವಾರ ಪುಟ ಕಟ್ಟುವಾಗ ಆ ನಾಲ್ಕು ಸಾಲನ್ನು ಎರಡನೇ ಪುಟದ ಕೆಳಗೆ ಕೂರಿಸಿದ್ದೆ. ಒಂದು ಗಂಟೆಗೆ ಯಾರದೋ ವೈಕುಂಠ ಸಮಾರಾಧನೆಯ ಜಾಹೀರಾತು ಬಂತು, ಫೋಟೋ ಸಮೇತ. ಜಾಗ ಬೇಕಾಯಿತು. ಅದೇ ಪುಟದಲ್ಲಿ ದಿನಭವಿಷ್ಯ ಇತ್ತು, ಒಂದು ನಗೆಹನಿ ಇತ್ತು. ಅವುಗಳಲ್ಲಿ ಯಾವುದನ್ನು ತೆಗೆದಿದ್ದರೂ ಯಾರೂ ಕೇಳುತ್ತಿರಲಿಲ್ಲ. ನಾನು ಆ ನಾಲ್ಕು ಸಾಲು ತೆಗೆದೆ. ಜಾಹೀರಾತು ಬಂತಲ್ಲ, ನಾನೇನು ಮಾಡಲಿ ಎಂದು ಮನಸ್ಸಿಗೆ ಒಂದು ಕಾರಣ ಸಿಕ್ಕಿತು. ಆ ಕಾರಣಕ್ಕಾಗಿ ನಾನು ಬೆಳಗಿನಿಂದಲೂ ಕಾದಿದ್ದೆ ಎಂದು ಈಗ ತಿಳಿಯುತ್ತದೆ.

ಆ ಸಂಜೆ ತಾಯಿ ಮಗಳು ಮತ್ತೆ ಬಂದಿದ್ದರು. ಎದುರಿನ ಅಂಗಡಿಯಲ್ಲಿ ಪತ್ರಿಕೆ ಕೊಂಡು ಚರಂಡಿಯ ಕಟ್ಟೆಯ ಮೇಲೆ ಕೂತರು. ಮಗಳು ಮೊದಲ ಪುಟದಿಂದ ಹಿಡಿದು ಎಲ್ಲವನ್ನೂ ಗಟ್ಟಿಯಾಗಿ ಓದಿದಳು. ಮಾರುಕಟ್ಟೆಯ ಧಾರಣೆ, ದಿನಭವಿಷ್ಯ, ಸತ್ತವರ ಹೆಸರು, ಅವರ ಮಕ್ಕಳ ಹೆಸರು. ತಾಯಿ ಕತ್ತು ಬಾಗಿಸಿ ಕೇಳುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತ ನಿಂತಿದ್ದೆ. ಶನಿವಾರವೂ ಬಂದರು, ಸೋಮವಾರವೂ ಬಂದರು. ಮೂರೂ ದಿನ ಆ ಹುಡುಗಿ ಪೂರ್ತಿ ಪತ್ರಿಕೆ ಓದಿದಳು. ಮಂಗಳವಾರ ಬರಲಿಲ್ಲ.

ಆ ಸೋಮವಾರವೇ ಮೇಷ್ಟರ ಕವರೂ ಬಂದಿತ್ತು. ನನ್ನ ಲೇಖನದ ಮೇಲೆ ಒಂದೂ ಗೀಟು ಇರಲಿಲ್ಲ. ಅಂಚಿನಲ್ಲಿ ಎರಡೇ ಪದ: ‘ಕಾಲೋನಿಯ ಮಕ್ಕಳು?’ ಎಂಬತ್ತು ದಾಟಿದ ಆ ಮನುಷ್ಯ ಜಗಲಿ ಬಿಟ್ಟು ಇಳಿಯದೆ, ‘ಶುಚಿ’ ಎಂಬ ಪದದ ಸುಳಿವು ಹಿಡಿದೇ, ಪ್ರಶ್ನೆಯನ್ನು ಸರಿಯಾದ ಜಾಗಕ್ಕೆ ಇಟ್ಟಿದ್ದರು. ಮುಂದಿನ ಭಾನುವಾರ ನಾನು ಸದಾಶಿವನಗರಕ್ಕೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಕವರುಗಳು ಬರುವುದೂ ನಿಂತಿತು. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿಯನ್ನು ನಾನೇ ಪುಟಕ್ಕೆ ಕೂರಿಸಿದೆ.

ಊರಿನವರು ನನ್ನ ಲೇಖನವನ್ನು ಕತ್ತರಿಸಿ, ಅಂಟಿಸಿ, ಕೆಳಗೆ ಸಹಿ ಹೆಬ್ಬೆಟ್ಟು ಹಾಕಿ ಮೇಲಿನವರಿಗೆ ಅರ್ಜಿ ಕೊಟ್ಟರು. ಪೇಪರಿನಲ್ಲೇ ಬಂದಿದೆಯಲ್ಲ ಎಂದು ಆಕೆಯನ್ನು ತೆಗೆದರು. ಅಕ್ಕನ ಬೀದಿಯ ಒಬ್ಬ ಹೆಂಗಸು ಆ ಕೆಲಸಕ್ಕೆ ಬಂದಳು. ಡಬ್ಬಿಗಳು ನಿಂತವು. ವಿಷ ಇಕ್ಕಿದವಳು ಎಂಬ ಹೆಸರು ಮಾತ್ರ ಉಳಿಯಿತು. ಕಳೆ ಕೀಳಲು ಕೂಡ ಆಕೆಯನ್ನು ಯಾರೂ ಕರೆಯಲಿಲ್ಲ. ಮಗಳನ್ನು ಕರೆದುಕೊಂಡು ಕುಣಿಗಲ್ ಕಡೆಯ ತವರಿಗೆ ಹೋದಳೆಂದು ಕೇಳಿದೆ.

ಬಹಳ ಕಾಲ ನಾನು ಇದನ್ನು ತರ್ಕದ ತಪ್ಪು ಎಂದು ಕರೆದುಕೊಂಡೆ. ಯಾರು ತಪ್ಪುವುದಿಲ್ಲ, ದೊಡ್ಡ ದೊಡ್ಡ ಪತ್ರಿಕೆಯವರೇ ದಿನಾ ತಪ್ಪುತ್ತಾರೆ ಎಂದುಕೊಂಡೆ. ಆದರೆ ದಾರಿ ತಪ್ಪುವವನು ದಾರಿ ಗೊತ್ತಿಲ್ಲದವನು. ನನಗೆ ದಾರಿ ಅಂಗೈಯಷ್ಟು ಸ್ಪಷ್ಟವಾಗಿ ಗೊತ್ತಿತ್ತು.

ಆರೇಳು ವರ್ಷವಾಯಿತು. ಸಂಜೆ ಪತ್ರಿಕೆ ಮುಚ್ಚಿತು. ನಾನು ಲಗ್ನಪತ್ರಿಕೆ ಮುದ್ರಿಸುವ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಕರಡು ತೋರಿಸಲು ಒಂದು ದಿನ ಕುಣಿಗಲ್ಲಿಗೆ ಹೋದಾಗ, ಬಸ್ ಸ್ಟ್ಯಾಂಡಿನ ಕಾಂಪೌಂಡಿಗೆ ಒರಗಿ ಒಬ್ಬಳು ಸೀಬೆಹಣ್ಣು, ಹಸಿ ಕಡಲೇಕಾಯಿ ಇಟ್ಟುಕೊಂಡು ಕೂತಿದ್ದಳು. ಅಕ್ಕಪಕ್ಕದವರದೆಲ್ಲ ಬೇಯಿಸಿದ ಕಡಲೇಕಾಯಿ, ಹಬೆಯಾಡುತ್ತಿತ್ತು. ಅವರ ಬಳಿ ಜನ. ಇವಳ ಬಳಿ ಯಾರೂ ಇಲ್ಲ. ನಾನು ಗುರುತು ಹಿಡಿಯುವ ಮೊದಲೇ ಆಕೆ ಹಿಡಿದಳು.

‘ಪೇಪರ್ನೋರಲ್ವಾ ಸ್ವಾಮಿ?’

ಕೂತುಕೊಂಡೆ. ಬಾಯಿಗೆ ಬಂದದ್ದು ಇಷ್ಟೇ: ‘ಬೇಯಿಸಿ ಮಾರಬಾರದೇನಮ್ಮ?’

‘ನಾನ್ ಒಲೆ ಮೇಲಿಟ್ಟಿದ್ದನ್ನ ಇನ್ನೊಬ್ರ ಬಾಯಿಗೆ ಕೊಡಾಕಿಲ್ಲ ಸ್ವಾಮಿ. ಅವತ್ತಿಗೇ ಮುಗೀತು.’

‘ಮಗಳು?’

‘ಇಸ್ಕೂಲ್ ಬುಟ್ಳು. ಇಟ್ಟಿಗೆ ಗೂಡಿಗೆ ಹೋಯ್ತಾಳೆ. ಪೇಪರ್ ಕಂಡ್ರೆ ಎದ್ದು ಹೋಯ್ತಾಳೆ.’

ಆಗ ಹೇಳಿದೆ. ಬರೆದವನು ನಾನೇ ಎಂದು, ಸಾರಿನ ಕೊಳಗ ನನ್ನ ಅಕ್ಕನ ಮನೆಯದೆಂದು, ಎಲ್ಲ ಗೊತ್ತಿದ್ದೂ ಬರೆದೆನೆಂದು, ನಾಲ್ಕು ಸಾಲು ತೆಗೆದವನೂ ನಾನೇ ಎಂದು. ಕ್ಷಮಿಸು ಎಂದೆ. ಆಕೆ ಸೀಬೆಹಣ್ಣುಗಳ ಮೇಲಿನ ಧೂಳು ಒರೆಸುತ್ತಿದ್ದಳು. ಕೈ ನಿಲ್ಲಲಿಲ್ಲ.

‘ಇದನ್ನ ಪೇಪರ್ನಾಗೆ ಹಾಕುದ್ರಾ?’

‘ಪೇಪರ್ ಮುಚ್ಚಿಹೋಯ್ತಮ್ಮ.’

‘ಹಂಗಾದ್ರೆ ನಂಗ್ಯಾಕ್ ಹೇಳ್ತೀರಾ? ನಾನ್ ವಿಷ ಇಕ್ಲಿಲ್ಲ ಅಂತ ನಂಗ್ ಗೊತ್ತಿಲ್ವಾ? ಗೊತ್ತಿಲ್ದೋರಿಗೆ ಹೋಗಿ ಹೇಳಿ.’

ನನ್ನ ಬಸ್ಸು ಬಂತು. ಅರ್ಧ ಕೆಜಿ ಸೀಬೆ ಕೊಡು ಎಂದೆ. ‘ನಿಮ್ಗೆ ಬ್ಯಾಡ ಹೋಗಿ’ ಎಂದಳು.

ಗೊತ್ತಿಲ್ಲದವರಿಗೆ ಹೇಳಲು ಒಂದು ವಾರ ಬಿಟ್ಟು ಅಕ್ಕನ ಊರಿಗೆ ಹೋದೆ. ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿ ಮುಂದೆ ಊರೆಲ್ಲ ಸೇರುತ್ತದೆ. ಅಕ್ಕನೂ ಕ್ಯಾನು ಹಿಡಿದು ಸಾಲಿನಲ್ಲಿದ್ದಳು. ಕಟ್ಟೆಯ ಪಕ್ಕ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. ಆ ದಿನ ಮಕ್ಕಳಿಗೆ ವಾಂತಿಯಾದದ್ದು ಬೀಗರೂಟದ ತಂಗಳು ಸಾರಿನಿಂದ, ಬಿಸಿಯೂಟದಿಂದ ಅಲ್ಲ. ಆಯಮ್ಮನ ತಪ್ಪೇನೂ ಇಲ್ಲ. ನಾನು ಸುಳ್ಳು ಬರೆದೆ. ಬೈಗುಳಕ್ಕೆ, ಹೊಡೆತಕ್ಕೆ ಕೂಡ ತಯಾರಾಗಿ ಬಂದಿದ್ದೆ.

ಯಾರೂ ಬೆಚ್ಚಲಿಲ್ಲ. ಸಾಲು ಮುಂದೆ ಸರಿಯಿತು.

‘ಅಯ್ಯೋ, ಅದು ಗೊತ್ತಿದ್ದದ್ದೇ ಬುಡು ಮಾವ’ ಎಂದ ಹಾಲು ಅಳೆಯುತ್ತಿದ್ದವನು. ‘ನನ್ ಮಗ್ನೂ ಆ ಸಾರ್ ತಿಂದೇ ಮಲ್ಗಿದ್ದು.’

‘ನಿಮ್ಮಕ್ಕನ ಮನೆ ಮಾನ ಅಂತ ಎಲ್ರೂ ಬಾಯ್ ಮುಚ್ಕಂಡಿದ್ವಿ’ ಎಂದಳು ಸಾಲಿನಲ್ಲಿದ್ದ ಒಬ್ಬ ಮುದುಕಿ. ‘ಹೆಂಗೋ ನೀನ್ ಬರ್ದೆ, ಭಾಳ ಅನ್ಕೂಲ ಆಯ್ತು. ಇಲ್ದಿದ್ರೆ ಅವ್ಳುನ್ನ ತೆಗ್ಸಕ್ಕೆ ಆಯ್ತಿತ್ತಾ?’

ಒಂದಿಬ್ಬರು ನಕ್ಕರು. ಅಕ್ಕ ನನ್ನ ಕಡೆ ತಿರುಗಲೇ ಇಲ್ಲ. ಕ್ಯಾನು ಬಗ್ಗಿಸಿ ಹಾಲು ಸುರಿದು, ಚೀಟಿ ಇಸಿದುಕೊಂಡು ಹೊರಟುಹೋದಳು. ಅವಳು ಬದುಕಿರುವವರೆಗೆ ಆ ಮಾತು ಮತ್ತೆ ನಮ್ಮ ನಡುವೆ ಬರಲಿಲ್ಲ.

ನನ್ನ ಲೇಖನ ಆ ಊರಿನಲ್ಲಿ ಒಬ್ಬರಿಗೂ ಮೋಸ ಮಾಡಿರಲಿಲ್ಲ. ಅದನ್ನು ಯಾರೂ ನಂಬಿರಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅರ್ಜಿಗೆ ಅಂಟಿಸಲು ಅಚ್ಚಾದ ಒಂದು ಚೂರು ಕಾಗದ, ಅದನ್ನು ನಾನು ಒದಗಿಸಿದೆ. ಗೊತ್ತಿಲ್ಲದವರಿಗೆ ಹೇಳಿ ಎಂದಿದ್ದಳು. ಅಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಇದನ್ನು ಕುಣಿಗಲ್ಲಿಗೆ ಹೋಗಿ ಆಕೆಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಊರಿನಲ್ಲಿ ಯಾರೋ ಕೆಲವರಾದರೂ ತಪ್ಪು ತಿಳಿದು ಹಾಗೆ ಮಾಡಿದರು ಎಂದು ಆಕೆ ಅಂದುಕೊಂಡಿದ್ದಾಳು. ಅದನ್ನೂ ಕಿತ್ತುಕೊಳ್ಳಲೇ?

ಆ ಊರಿನ ಆಚೆ ಇರುವ ನೀವು ಗೊತ್ತಿಲ್ಲದವರು. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆಕೆಯ ಹೆಸರು ಒಮ್ಮೆ ಅಚ್ಚಾಗಿದೆ, ಅದು ಸಾಕು. ಅಂದು ಬರೆದುಕೊಂಡ ಚೀಟಿಯನ್ನು ನಾನು ಎಸೆದಿರಲಿಲ್ಲ. ಮೇಷ್ಟರ ಕೊನೆಯ ಕವರಿನಲ್ಲಿ ಮಡಚಿ ಇಟ್ಟಿದ್ದೆ. ಅವರ ಪೆನ್ಸಿಲಿಗೆ ಇದರಲ್ಲಿ ಗೀಟು ಹಾಕಲು ಜಾಗ ಸಿಗುತ್ತಿರಲಿಲ್ಲ. ಆಕೆ ಹೇಳಿದಂತೆಯೇ ಇದೆ:

‘ನಾನು ಮಾಡಿದ ಅನ್ನ ಸಾರನ್ನು ನಾನೂ ತಿಂದಿದ್ದೇನೆ, ನನ್ನ ಮಗಳೂ ತಿಂದಿದ್ದಾಳೆ.
ನಮ್ಮ ಕೇರಿಯ ಹದಿನಾಲ್ಕು ಮಕ್ಕಳು ತಿಂದಿದ್ದಾರೆ, ಒಬ್ಬರಿಗೂ ಏನೂ ಆಗಿಲ್ಲ.
ನನ್ನ ಊಟ ಮುಟ್ಟದೆ ಡಬ್ಬಿ ತಂದ ಮೂರು ಮಕ್ಕಳಿಗೂ ವಾಂತಿ ಆಗಿದೆ.
ಬೆಳಿಗ್ಗೆ ಮನೆಯಲ್ಲಿ ಏನು ತಿಂದು ಬಂದಿದ್ದಿರಿ ಎಂದು ಆ ಮಕ್ಕಳನ್ನೇ ಕೇಳಿ.’